ಉಪದೇಶಿಯ ಬಲಗೈ

ಲುವಾಲ್‌ನ ಕುತ್ತಿಗೆಗೆ ಮಚ್ಚು ಬಿದ್ದಾಗ ಅವನ ಎರಡೂ ಕೈಯಲ್ಲಿ ಸೋಡಾ ಬಾಟಲಿಗಳ ಕ್ರೇಟು ಇತ್ತು. ಕೈ ಅಡ್ಡ ಹಿಡಿಯುವುದಕ್ಕೂ ಆಗಲಿಲ್ಲ. ಮೊದಲು ಕ್ರೇಟು ಬಿತ್ತು, ಗಾಜು ಚೂರಾಯಿತು, ಅದರ ಮೇಲೆ ಅವನು ಬಿದ್ದ. ಚರ್ಚಿನ ಅಂಗಳದಲ್ಲಿ ನಮ್ಮವರ ಮದುವೆ ನಡೆಯುತ್ತಿತ್ತು. ಡೋಲು ಬಾರಿಸುವವರು ಏನೂ ಗೊತ್ತಾಗದೆ ಇನ್ನೂ ಸ್ವಲ್ಪ ಹೊತ್ತು ಬಾರಿಸುತ್ತಲೇ ಇದ್ದರು.

ಮಚ್ಚು ಬೀಸಿದವನು, ಅವನ ಜೊತೆ ಬಂದವರು ಗೇಟು ದಾಟಿ ಓಡಿಹೋದರು. ಗೇಟಿನ ಹತ್ತಿರ ಆಚೆ ಮುಖ ಮಾಡಿ ದೊಡ್ಡ ಹಂಡೆಯಲ್ಲಿ ಮಾಂಸದ ಸಾರು ಕಲಕುತ್ತಿದ್ದ ನ್ಯಾಂಕಿರ್ ಸೌಟು ಬಿಸಾಕಿ ಬಂದು ಲುವಾಲ್‌ನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಹೆಗಲ ಮೇಲಿನ ಬಟ್ಟೆಯನ್ನು ಮುದುರಿ ಅವನ ಕುತ್ತಿಗೆಗೆ ಒತ್ತಿ ಹಿಡಿದಳು. ಬಟ್ಟೆ ನೆನೆಯಿತು, ಅವಳ ತೋಳು ನೆನೆಯಿತು. "ಕಣ್ಣು ಮುಚ್ಬೇಡ ಮಗಾ, ನನ್ನ ನೋಡು, ನನ್ನೇ ನೋಡು," ಎನ್ನುತ್ತಿದ್ದಳು. ನಾನು ಅವನ ಕಾಲು ಹಿಡಿದುಕೊಂಡಿದ್ದೆ. ಒದ್ದಾಟ ನಿಂತದ್ದು ಮೊದಲು ಗೊತ್ತಾದದ್ದು ನನ್ನ ಕೈಗೆ.

ಆಗ ಹಿಂದಿನಿಂದ ಯಾರೋ ಅಂದರು: "ಬಿಡು ನ್ಯಾಂಕಿರ್. ಮುಟ್ಬೇಡ ಅವನ್ನ. ಹೊಡೆದಿದ್ದು ನಿನ್ನ ಮಗ ಪಿಯೋಲ್."

"ಸುಳ್ಳು," ಅಂದಳು ಅವಳು. ಸುತ್ತ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು. ಒತ್ತಿ ಹಿಡಿದ ಕೈಯನ್ನು ಮಾತ್ರ ಅವಳು ತೆಗೆಯಲಿಲ್ಲ. ಅಷ್ಟರಲ್ಲಿ ಲುವಾಲ್‌ನ ತಾಯಿ ಅಚಾಯಿ ಚರ್ಚಿನೊಳಗಿಂದ ಓಡಿಬಂದಳು. ನ್ಯಾಂಕಿರಳ ಜಡೆಗಳನ್ನು ಹಿಡಿದು ಹಿಂದಕ್ಕೆ ಎಳೆದು ಬೀಳಿಸಿ, ಮಗನನ್ನು ಕಿತ್ತುಕೊಂಡಳು. ಗಾಜಿನ ಚೂರುಗಳ ಮೇಲೆ ಮೊಣಕಾಲೂರಿ ಕೂತು, ದೊಡ್ಡವನಾದ ಮಗನನ್ನು ಎಳೆಗೂಸಿನ ಹಾಗೆ ಅಪ್ಪಿಕೊಂಡು ತೂಗತೊಡಗಿದಳು. ಅವಳ ಬಾಯಿಂದ ಬಂದ ಸದ್ದಿಗೆ ಡೋಲು ನಿಂತಿತು.

ನಾನು ತಬಿತಾ, ಅಚಾಯಿಯ ಎದುರುಮನೆಯವಳು. ಅಯ್ನ್ ಶಮ್ಸ್‌ನ ಹಿಂದಿನ ಗಲ್ಲಿಯಲ್ಲಿ ನಮ್ಮದು ಒಂದೇ ಮೆಟ್ಟಿಲು, ಒಂದೇ ನೀರಿನ ಮೋಟರು. ದಕ್ಷಿಣ ಸುಡಾನಿನಿಂದ ಖಾರ್ಟೂಮ್, ಅಲ್ಲಿಂದ ರೈಲು, ದೋಣಿ ಅಂತ ಕೈರೋಗೆ ಬಂದು ಬಿದ್ದ ಡಿಂಕಾ ಜನ ನಾವು. ಆಸ್ಟ್ರೇಲಿಯಾಕ್ಕೆ ಕಳಿಸುತ್ತಾರೆ ಅಂತ ನಿರಾಶ್ರಿತರ ಕಚೇರಿ ಮುಂದೆ ಕಾಯುತ್ತಾ ಕಾಯುತ್ತಾ ಮಕ್ಕಳು ಇಲ್ಲೇ ಬೆಳೆದುಬಿಟ್ಟವು. ಅಚಾಯಿ ಮಾಅದಿಯ ಶ್ರೀಮಂತರ ಮನೆಗಳಲ್ಲಿ ನೆಲ ಒರೆಸುತ್ತಿದ್ದಳು. ಅವಳ ಗಂಡ ಮಥಿಯಾಂಗ್ ನಮ್ಮ ಚರ್ಚಿನ ಉಪದೇಶಿ. ಎತ್ತರದ ಮನುಷ್ಯ, ಹಣೆ ಮೇಲೆ ನಮ್ಮ ಗಂಡಸರು ಹಿಂದೆ ಹಾಕಿಸಿಕೊಳ್ಳುತ್ತಿದ್ದ ಗೀರುಗಳು, ಗುಡುಗಿನಂಥ ದನಿ. ಪಾದ್ರಿಗಳು ಬರುತ್ತಿದ್ದರು, ಹೋಗುತ್ತಿದ್ದರು. ಜನಕ್ಕೆ ದೇವರ ಮಾತು ಅಂದರೆ ಮಥಿಯಾಂಗ್‌ನ ದನಿಯೇ.

ಅವನ ಮನೆಯಲ್ಲಿ ದೇವರ ಮಾತಿನ ಜೊತೆ ಹೊಡೆಯುವ ವೈರೂ ಇತ್ತು. ಲುವಾಲ್ ಹದಿನೇಳಕ್ಕೇ ಟೋಪಿ ಗುಂಪಿಗೆ ಸೇರಿದ್ದ. ನಮ್ಮ ಹುಡುಗರು ಬೀದಿಯಲ್ಲಿ ಕಲ್ಲೇಟು ತಿಂದು, "ಚಾಕಲೇಟು, ಚಾಕಲೇಟು" ಅಂತ ಕೂಗಿಸಿಕೊಂಡು, ಕೊನೆಗೆ ತಮ್ಮತಮ್ಮಲ್ಲೇ ಗುಂಪು ಕಟ್ಟಿಕೊಂಡು ಕೊಯ್ದಾಡಲು ಶುರುಮಾಡಿದ್ದರು. ಟೋಪಿಯವರು ಒಂದು ಕಡೆ, ಕೆಂಪು ಪಟ್ಟಿಯವರು ಇನ್ನೊಂದು ಕಡೆ. ಒಮ್ಮೆ ಲುವಾಲ್ ಕೆಂಪು ಪಟ್ಟಿಯ ಪಿಯೋಲ್‌ನ ಕೆನ್ನೆಯನ್ನು ಕಿವಿಯಿಂದ ಬಾಯಿವರೆಗೆ ಸೀಳಿ ಬಂದ. ಅದು ಗೊತ್ತಾದ ದಿನ ಮಥಿಯಾಂಗ್ ಮಗನನ್ನು ಕಿಟಕಿಯ ಸರಳಿಗೆ ಕಟ್ಟಿ ವಿದ್ಯುತ್ ವೈರಿನಿಂದ ಬಾರಿಸಿದ. ಬಾಗಿಲು ಬಡಿದು ಬಡಿದು ನನ್ನ ಕೈ ಊದಿಕೊಂಡಿತು. ಒಳಗೆ ಹೊಡೆತದ ಸದ್ದು, ಮಥಿಯಾಂಗ್‌ನ ಪ್ರಾರ್ಥನೆಯ ಸದ್ದು ಎರಡೂ ಒಟ್ಟಿಗೆ ಕೇಳುತ್ತಿದ್ದವು. ಅಚಾಯಿ ಕೊನೆಗೆ ಕುದಿಯುವ ಚಹಾದ ಪಾತ್ರೆ ಎತ್ತಿ ಗಂಡನ ಬೆನ್ನಿಗೆ ಎರಚಿದಳು. ಆಮೇಲೆ ನಿಂತಿತು.

ಲುವಾಲ್ ಗುಂಪು ಬಿಟ್ಟ. ಏಟಿಗೋ, ಅಮ್ಮನ ಕಣ್ಣೀರಿಗೋ, ಬಿಟ್ಟ. ಚರ್ಚಿನಲ್ಲಿ ಡೋಲು ಬಾರಿಸತೊಡಗಿದ, ಮದುವೆ ಮನೆಗಳಲ್ಲಿ ಸಾಮಾನು ಹೊರುತ್ತಿದ್ದ. ಆದರೆ ಸೀಳಿದ ಕೆನ್ನೆ ಪಿಯೋಲ್‌ನ ಮುಖದ ಮೇಲೆ ಹಾಗೇ ಇತ್ತಲ್ಲ.

ಪೊಲೀಸರು ಬಂದರು. ಅಂಗಳದಲ್ಲಿ ನಿಂತು ಸಿಗರೇಟು ಸೇದಿದ ಅಧಿಕಾರಿ, "ನೀವ್ ನೀವೇ ಹೊಡ್ಕೊಂಡು ಸಾಯ್ತೀರ, ನಮಗ್ಯಾಕೆ ತಲೆನೋವು ತರ್ತೀರ?" ಅಂದ. ಪಿಯೋಲ್‌ನ ಹೆಸರು ಬರೆದುಕೊಂಡು ಹೋದ. ಹುಡುಕಿದ ಹಾಗೆ ಮಾಡಿದರು, ಸಿಗಲಿಲ್ಲ ಅಂದರು. ನ್ಯಾಂಕಿರಳ ಮನೆ ಬಾಗಿಲನ್ನು ಟೋಪಿ ಹುಡುಗರು ಒಡೆದು, ಅವಳ ಹಾಸಿಗೆಗೆ ಬೆಂಕಿ ಹಚ್ಚಿದರು. ಅವಳು ಗಂಟುಮೂಟೆ ಕಟ್ಟಿಕೊಂಡು ಎರಡು ಬೀದಿ ಆಚೆ ಒಂದು ಕಟ್ಟಡದ ತಾರಸಿ ಕೋಣೆಗೆ ಹೋದಳು.

ಮಣ್ಣು ಮಾಡಿದ ಮೇಲೆ ಅಚಾಯಿ ತಲೆ ಬೋಳಿಸಿಕೊಂಡು ಚಾಪೆ ಮೇಲೆ ಕೂತಳು. ನಾವು ಹೆಂಗಸರೆಲ್ಲ ಸುತ್ತ ಕೂತೆವು. ಅವಳು ಅಳುತ್ತಾ ಅಳುತ್ತಾ ಒಂದೇ ಮಾತನ್ನು ತಿರುಗಿಸಿ ತಿರುಗಿಸಿ ಹೇಳುತ್ತಿದ್ದಳು: "ಹೆಂಡತಿ ಇಲ್ದೆ ಹೋದ, ಮಗು ಇಲ್ದೆ ಹೋದ, ಅವನ ಹೆಸರು ಯಾರು ನಿಲ್ಲಿಸ್ತಾರೆ?" ಎರಡನೆಯ ಮಗ ಅತೆಮ್ ಮೂಲೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಹತ್ತೊಂಬತ್ತರ ಹುಡುಗ. ಅಮೃತಶಿಲೆ ಕೊಯ್ಯುವ ಕಾರ್ಖಾನೆಯಲ್ಲಿ ಕೆಲಸ. ದಿನಾ ಸಂಜೆ ಬಿಳಿ ಪುಡಿ ಮೆತ್ತಿಕೊಂಡು ಬರುತ್ತಿದ್ದ. ಗುಂಪು, ಜಗಳ ಯಾವುದಕ್ಕೂ ಹೋದವನಲ್ಲ.

ದುಃಖದ ದಿನಗಳು ಮುಗಿದ ಮೇಲಿನ ಭಾನುವಾರ ನಾವೆಲ್ಲ ಚರ್ಚಿಗೆ ಹೋದೆವು. ಈಜಿಪ್ಟಿನವರ ಆರಾಧನೆ ಮುಗಿದು ಹಾಲ್ ಖಾಲಿಯಾದ ಮೇಲೆ ನಮ್ಮ ಸರದಿ. ನಮ್ಮ ಹೆಂಗಸರು ಕೈಯಲ್ಲಿ ಮರದ ಶಿಲುಬೆ ಹಿಡಿದೇ ಹೋಗುತ್ತಾರೆ; ಅಚಾಯಿಯ ಕೈಯಲ್ಲೂ ಇತ್ತು. ಕೊನೆಯ ಸಾಲಿನಲ್ಲಿ, ಯಾರೂ ಪಕ್ಕ ಕೂರದ ಬೆಂಚಿನಲ್ಲಿ, ನ್ಯಾಂಕಿರ್ ಇದ್ದಳು.

ಬೈಬಲಿನ ಪಾಠ ಓದಿ ಮುಗಿಸಿದ ಮಥಿಯಾಂಗ್ ಪುಸ್ತಕ ಮಡಚಿ ಕೆಳಗಿಳಿದು ಬಂದ. ಸೀದಾ ಕೊನೆಯ ಸಾಲಿಗೆ ಹೋಗಿ ನ್ಯಾಂಕಿರಳ ಕೈ ಹಿಡಿದು ಎಬ್ಬಿಸಿ, ಮುಂದಕ್ಕೆ ಕರೆತಂದು ನಿಲ್ಲಿಸಿದ.

"ಸಭೆಯವರೇ," ಅಂದ ಮಥಿಯಾಂಗ್, "ಇವಳ ಮನೆಗೂ ನನ್ನ ಮನೆಗೂ ಇನ್ನು ಲೆಕ್ಕ ಬಾಕಿ ಇಲ್ಲ. ಇವಳ ಮಗನ್ನ ನಾನು ಕ್ಷಮಿಸಿದೀನಿ. ನನ್ನ ಮಗನ ಹೆಸರು ಹೇಳ್ಕೊಂಡು ಯಾವನಾದ್ರೂ ಮಚ್ಚು ಎತ್ತಿದ್ರೆ ಅವನು ನನ್ನ ಮಗನ್ನ ಇನ್ನೊಂದ್ಸಲ ಕೊಂದ ಹಾಗೆ."

ಹಾಲ್‌ನಲ್ಲಿ ಕೆಲವರು ಅಳತೊಡಗಿದರು. ಯಾರೋ "ಹಲ್ಲೆಲೂಯ" ಅಂದರು. ನನ್ನ ಪಕ್ಕದಲ್ಲಿದ್ದ ಅಚಾಯಿ ಎದ್ದಳು. ಅವಳೂ ಹೋಗಿ ನ್ಯಾಂಕಿರಳನ್ನು ತಬ್ಬಿಕೊಳ್ಳುತ್ತಾಳೆ ಅಂತಲೇ ಜನ ದಾರಿ ಬಿಟ್ಟರು. ಅವಳು ಗಂಡನ ಎದುರು ನಿಂತು, ಕೈಯಲ್ಲಿದ್ದ ಶಿಲುಬೆ ಎತ್ತಿ ಅವನ ಮುಖಕ್ಕೆ ಅಪ್ಪಳಿಸಿದಳು. ಹುಬ್ಬು ಒಡೆದು ರಕ್ತ ಹಣೆಯ ಗೀರುಗಳ ಕೆಳಗೆ ಹರಿಯಿತು. ಇನ್ನೊಂದು ಸಲ ಹೊಡೆದಳು. ಶಿಲುಬೆ ಮುರಿಯಿತು.

"ನಿನ್ನ ದೇವರು ತನ್ನ ಮಗನ್ನ ಕೊಟ್ಟ. ಕೊಡ್ಲಿ, ಅದು ಅವನಿಷ್ಟ," ಅಂತ ಕಿರುಚಿದಳು. "ನನ್ನ ಮಗನ್ನ ದಾನ ಕೊಡೋಕೆ ನೀನ್ಯಾರು? ನೀನು ಹೊತ್ತಿದ್ಯಾ ಅವನ್ನ? ನೀನು ಹೆತ್ತಿದ್ಯಾ? ಬದುಕಿದ್ದಾಗ ಕಿಟಕಿಗೆ ಕಟ್ಟಿ ಹೊಡ್ದೆ. ಸತ್ತ ಮೇಲೆ ಎಲ್ರ ಮುಂದೆ ಹಂಚಿಬಿಟ್ಯಾ?"

ಮಥಿಯಾಂಗ್ ಕೈ ಎತ್ತಲಿಲ್ಲ. ಕಣ್ಣಿಗೆ ಇಳಿದ ರಕ್ತವನ್ನೂ ಒರೆಸಿಕೊಳ್ಳಲಿಲ್ಲ. ನಾವು ನಾಲ್ಕಾರು ಹೆಂಗಸರು ಅವಳನ್ನು ಎಳೆದುಕೊಂಡು ಹೊರಗೆ ಬಂದೆವು.

ಆ ದಿನದಿಂದ ಅವಳು ಗಂಡನಿಗೆ ಅಡುಗೆ ಮಾಡಲಿಲ್ಲ, ಅವನೊಡನೆ ಮಾತಾಡಲಿಲ್ಲ. ಅವನು ತಾನೇ ಬೀನ್ಸ್ ಬೇಯಿಸಿಕೊಂಡು ಒಬ್ಬನೇ ತಿನ್ನುತ್ತಿದ್ದ. ಅವಳ ಮಾತೆಲ್ಲ ಅತೆಮ್‌ನ ಮೇಲೆ. ನಮ್ಮಲ್ಲಿ ಎತ್ತುಗಳ ಮೇಲೆ ಹಾಡು ಕಟ್ಟುತ್ತಾರೆ. ಗಂಡು ಮಗನಿಗೆ ಎತ್ತಿನ ಹೆಸರು ಹಿಡಿದೇ ಹೊಗಳುವುದು. ಅವಳು ಮೆಟ್ಟಿಲ ಮೇಲೆ ಕೂತು, ಇಡೀ ಕಟ್ಟಡಕ್ಕೆ ಕೇಳುವ ಹಾಗೆ, ಮಗನಿಗೇ ಬೈಗುಳದ ಹಾಡು ಕಟ್ಟಿದಳು. ಒಡಲಲ್ಲಿ ಎರಡು ಹೋರಿ ಇದ್ದವು, ಒಂದನ್ನು ಕಡಿದರು, ಇನ್ನೊಂದು ಪಕ್ಕದಲ್ಲೇ ಹುಲ್ಲು ಮೇಯುತ್ತಿದೆ ಅಂತ. ಅತೆಮ್ ಕೆಲಸದಿಂದ ಬಂದು ಅವಳನ್ನು ದಾಟಿಕೊಂಡೇ ಒಳಗೆ ಹೋಗಬೇಕಿತ್ತು.

"ಸಾಕು ಕಣೇ ಅಚಾಯಿ," ಅಂದೆ ಒಂದು ದಿನ. "ಇರೋದು ಒಬ್ಬ. ಅವನನ್ನೂ ಕಳ್ಕೊಳ್ತೀಯ."

"ನಿಂಗೆ ಮಕ್ಕಳಿಲ್ಲ ತಬಿತಾ. ನಿಂಗೆ ಮಾತು ಸುಲಭ," ಅಂದಳು. ಅದಾದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಒಂದು ಸಂಜೆ ಅತೆಮ್‌ನ ಮುಂದೆ ಜೋಳದ ಮುದ್ದೆ, ಬೆಂಡೆಕಾಯಿ ಸಾರು ಇಟ್ಟಳು. ಅವನು ಕೈ ಹಾಕುವಷ್ಟರಲ್ಲಿ ತಟ್ಟೆ ಎಳೆದುಕೊಂಡು, ಅವನ ತೊಡೆ ಮೇಲೆ ತನ್ನ ಲಂಗ ಎಸೆದಳು. "ಮೊದ್ಲು ಇದನ್ನ ಉಟ್ಕೋ. ಆಮೇಲೆ ತಿನ್ನು."

ಅತೆಮ್ ಲಂಗವನ್ನು ಮಡಚಿ ಪಕ್ಕಕ್ಕಿಟ್ಟ. "ಅವನು ಎಲ್ಲಿದಾನೆ ಅಂತ ಯಾರಿಗೂ ಗೊತ್ತಿಲ್ಲಮ್ಮ. ನಾನೇನು ಗಾಳಿಗೆ ಹೊಡೀಲಾ?"

"ಗೊತ್ತಾದ್ರೆ?"

ಅವನು ತಲೆ ಎತ್ತಿ ಅವಳನ್ನು ನೋಡಿದ. ಅವಳಿಗೆ ಅಷ್ಟು ಸಾಕಾಯಿತು.

ಅಚಾಯಿಯೇ ಕಂಡುಹಿಡಿದಳು. ರೊಟ್ಟಿ ಅಂಗಡಿಯ ಸಾಲಿನಲ್ಲಿ ನ್ಯಾಂಕಿರ್ ಒಬ್ಬಳಿಗೆ ಆಗದಷ್ಟು ರೊಟ್ಟಿ ಕೊಳ್ಳುವುದನ್ನು ನೋಡಿದಳು. ಪಕ್ಕದ ಅಂಗಡಿಯಲ್ಲಿ ಅವಳು ಸಿಗರೇಟು ಕೇಳಿದ್ದನ್ನೂ ಕೇಳಿಸಿಕೊಂಡಳು. ನ್ಯಾಂಕಿರ್ ಹುಟ್ಟಿದಾರಭ್ಯ ಸಿಗರೇಟು ಮುಟ್ಟಿದವಳಲ್ಲ. ಅಚಾಯಿ ಹಿಂದೆ ಹಿಂದೆಯೇ ಹೋಗಿ, ಎದುರು ಕಟ್ಟಡದ ನೆರಳಲ್ಲಿ ನಿಂತು, ಆ ತಾರಸಿ ಕೋಣೆಯ ಪರದೆ ಸರಿದು ಸೀಳಿದ ಕೆನ್ನೆಯ ಮುಖ ಒಂದು ಗಳಿಗೆ ಕಾಣಿಸಿದ್ದನ್ನು ನೋಡಿ ಮನೆಗೆ ಬಂದಳು. ಆ ಸಂಜೆ ಅವಳು ಹಾಡಲಿಲ್ಲ. ಅತೆಮ್‌ಗೆ ತಟ್ಟೆ ತುಂಬ ಬಡಿಸಿದಳು.

ಆದರೆ ಅವಳಿಗೆ ಗೊತ್ತಿಲ್ಲದ್ದು ಒಂದಿತ್ತು. ಆ ಕೋಣೆಗೆ ಮಥಿಯಾಂಗ್ ಮೊದಲೇ ಹೋಗಿ ಬರುತ್ತಿದ್ದ. ಪಿಯೋಲ್‌ನ ಎದುರು ಕೂತು, ಠಾಣೆಗೆ ಹೋಗಿ ಒಪ್ಪಿಕೋ, ನಾನೇ ಜೊತೆಗೆ ಬರುತ್ತೇನೆ ಅಂತ ಹೇಳುತ್ತಿದ್ದನಂತೆ. ಪಿಯೋಲ್ ಮೊದಮೊದಲು ಉಗಿದು ಕಳಿಸಿದನಂತೆ. "ನಿನ್ನ ಮಗ ನನ್ನ ಮುಖ ಹರಿದ, ಮುದುಕ. ನೀನೇನು ಆಗ ಬಂದು ನನ್ನ ಅಮ್ಮನ ಕೈ ಹಿಡಿದ್ಯಾ?" ಅಂದನಂತೆ. ಅದಕ್ಕೆ ಮಥಿಯಾಂಗ್, "ಇಲ್ಲ. ಬರಬೇಕಿತ್ತು," ಅಂದನಂತೆ. ಇದನ್ನೆಲ್ಲ ಆಮೇಲೆ ನ್ಯಾಂಕಿರ್ ನನಗೆ ಹೇಳಿದ್ದು.

ಶುಕ್ರವಾರ ಮಧ್ಯಾಹ್ನ ನಮ್ಮ ಬೀದಿಯ ಗಂಡಸರೆಲ್ಲ ಮಸೀದಿ ಮುಂದೆ ರಸ್ತೆಯಲ್ಲೇ ಚಾಪೆ ಹಾಸಿ ಕೂರುತ್ತಾರೆ. ಧ್ವನಿವರ್ಧಕದಲ್ಲಿ ಪ್ರವಚನ ಜೋರು. ಯಾರು ಎಲ್ಲಿ ಕೂಗಿದರೂ ಕೇಳುವುದಿಲ್ಲ. ಅತೆಮ್ ಅದೇ ಹೊತ್ತು ಆರಿಸಿಕೊಂಡ. ಲುವಾಲ್‌ನ ಹಳೆಯ ಗೆಳೆಯರಿಬ್ಬರು ಜೊತೆಗೆ ಬಂದರು. ಮಚ್ಚು ಅವರದು.

ಅವರು ತಾರಸಿಯ ಬಾಗಿಲು ಒದ್ದಾಗ ತೆರೆದವನು ಮಥಿಯಾಂಗ್.

ಮಗನ ಕೈಯಲ್ಲಿ ಮಚ್ಚು ನೋಡಿದ. ಗೋಡೆಗೆ ಒರಗಿ ನಿಂತ ಪಿಯೋಲ್‌ನ ಮುಂದೆ ಹೋಗಿ ಎರಡೂ ತೋಳು ಚಾಚಿ ನಿಂತ. ಕೋಣೆ ಎಷ್ಟು ಸಣ್ಣದೆಂದರೆ ಅವನ ಕೈಗಳು ಎರಡೂ ಗೋಡೆಗೆ ತಾಗುವಂತಿದ್ದವು.

"ಪಕ್ಕಕ್ಕೆ ಸರೀಪ್ಪ," ಅಂದ ಅತೆಮ್.

"ಮನೆಗೆ ಹೋಗು ಮಗಾ."

"ಇವನ ಜೊತೆ ಕೂತಿದ್ಯಾ? ಅಣ್ಣನ್ನ ಕೊಂದವನ ಜೊತೆ ಕೂತು ಚಹಾ ಕುಡೀತಿದ್ಯಾ?" ನೆಲದ ಮೇಲೆ ಚಹಾ ಲೋಟಗಳಿದ್ದವು. ಅತೆಮ್ ಒದ್ದ. ಅವು ಗೋಡೆಗೆ ಬಡಿದು ಒಡೆದವು. ಗೆಳೆಯರಲ್ಲಿ ಒಬ್ಬ ಹಿಂದಿನಿಂದ, "ಏನು ಮಾತು ಇನ್ನೂ, ಮುಗ್ಸೋ!" ಅಂತ ಅವನ ಬೆನ್ನಿಗೆ ತಳ್ಳಿದ. ನ್ಯಾಂಕಿರ್ ಅಡ್ಡ ಬಂದಳು. ಇನ್ನೊಬ್ಬ ಅವಳ ಹೊಟ್ಟೆಗೆ ಒದ್ದು ಬೀಳಿಸಿದ. ಅತೆಮ್ ಅಪ್ಪನ ಹೆಗಲ ಮೇಲಿಂದ ಪಿಯೋಲ್‌ನ ತಲೆಗೆ ಗುರಿಯಿಟ್ಟು ಬೀಸಿದ. ಮಥಿಯಾಂಗ್ ಬಲಗೈ ಎತ್ತಿದ.

ಕಲ್ಲು ಕೊಯ್ದು ಕೊಯ್ದು ಗಟ್ಟಿಯಾದ ತೋಳು ಆ ಹುಡುಗನದು. ಮೊಣಕೈ ಕೆಳಗೆ ಮೂಳೆ ತುಂಡಾಗಿ, ಕೈ ಒಂದಿಷ್ಟು ಚರ್ಮಕ್ಕೆ ನೇತುಬಿತ್ತು. ರಕ್ತ ಗೋಡೆಗೆ ಚಿಮ್ಮಿತು, ಅತೆಮ್‌ನ ಕಣ್ಣಿಗೂ ಚಿಮ್ಮಿತು. ಮಥಿಯಾಂಗ್ ಕೂಗಲಿಲ್ಲವಂತೆ. ನೇತಾಡುವ ಕೈಯನ್ನು ಎಡಗೈಯಿಂದ ಹಿಡಿದುಕೊಂಡು, ಯಾರದೋ ವಸ್ತುವನ್ನು ನೋಡುವ ಹಾಗೆ ನೋಡಿ, ಕೂತುಬಿಟ್ಟನಂತೆ. ಗೆಳೆಯರು ಮೆಟ್ಟಿಲು ಹಾರಿ ಓಡಿದರು. ಅತೆಮ್‌ನ ಕೈಯಿಂದ ಮಚ್ಚು ಜಾರಿತು. "ಅಪ್ಪಾ" ಅಂದ. ಅವನೂ ಓಡಿದ.

ಉಳಿದವನು ಪಿಯೋಲ್. ಅವನೂ ಆಗಲೇ ಓಡಿಹೋಗಬಹುದಿತ್ತು, ಹೋಗಲಿಲ್ಲ. ಅವನು ಬಟ್ಟೆ ಒಣಹಾಕುವ ಹಗ್ಗ ಕಿತ್ತು ತೋಳಿಗೆ ಬಿಗಿದ. ಅಂಗಿ ಬಿಚ್ಚಿ ಸುತ್ತಿದ. ತನಗಿಂತ ಎತ್ತರದ ಮನುಷ್ಯನನ್ನು ಬೆನ್ನ ಮೇಲೆ ಹೊತ್ತುಕೊಂಡು ಅಷ್ಟೂ ಮಹಡಿ ಇಳಿದ. ಬೀದಿಯಲ್ಲಿ ಗಂಡಸರು ಸಾಲಾಗಿ ನಮಾಜಿಗೆ ಬಾಗಿದ್ದರು. ಅರೆಬತ್ತಲೆ, ಮೈಯೆಲ್ಲ ರಕ್ತ, ಬೆನ್ನ ಮೇಲೆ ಮನುಷ್ಯ. ಆ ಸಾಲುಗಳ ನಡುವೆ ಚಾಪೆಗಳನ್ನು ತುಳಿದುಕೊಂಡು ಓಡಿದ. ತರಕಾರಿ ವ್ಯಾನಿನವನೊಬ್ಬ ಸಾಲು ಬಿಟ್ಟು ಎದ್ದು, "ಇಲ್ಲಿ, ಇಲ್ಲಿ ಹಾಕು!" ಅಂತ ವ್ಯಾನಿನ ಹಿಂಬಾಗಿಲು ತೆಗೆದ. ಟೊಮೆಟೊ ಪೆಟ್ಟಿಗೆಗಳ ಮೇಲೆ ಮಲಗಿಸಿಕೊಂಡು ಸರಕಾರಿ ಆಸ್ಪತ್ರೆಗೆ ಹೊರಟರು.

ಸುದ್ದಿ ನಮ್ಮ ಮೆಟ್ಟಿಲು ಹತ್ತಿ ಬಂದಾಗ ಅದರಲ್ಲಿ ಇದ್ದದ್ದು ಇಷ್ಟೇ: ಪಿಯೋಲ್ ಅಡಗಿದ್ದ ಕೋಣೆಯಲ್ಲಿ ಉಪದೇಶಿಯ ಕೈ ಕಡಿದುಹಾಕಿದ್ದಾರೆ. ಅಚಾಯಿ ಬರಿಗಾಲಲ್ಲಿ ಹೊರಟಳು. ಟುಕ್‌ಟುಕ್‌ನಲ್ಲಿ ನನ್ನ ಕೈಯನ್ನು ಉಗುರು ಇಳಿಯುವ ಹಾಗೆ ಹಿಡಿದುಕೊಂಡು, "ಒಬ್ಬ ಸಾಲ್ಲಿಲ್ಲ ಅವನಿಗೆ. ಅಪ್ಪನೂ ಬೇಕಾಯ್ತು," ಅನ್ನುತ್ತಿದ್ದಳು.

ಆಸ್ಪತ್ರೆಯ ಹಜಾರದ ಬೆಂಚಿನ ಮೇಲೆ ಪಿಯೋಲ್ ಕೂತಿದ್ದ, ಪಕ್ಕದಲ್ಲಿ ಹೊಟ್ಟೆ ಹಿಡಿದುಕೊಂಡು ನ್ಯಾಂಕಿರ್. ಅಚಾಯಿ ಅವನ ಮೇಲೆ ಬಿದ್ದಳು. ಮುಷ್ಟಿಯಿಂದ, ಮೊಣಕೈಯಿಂದ, ನನ್ನ ಕಾಲಿನ ಚಪ್ಪಲಿ ಕಸಿದುಕೊಂಡು ಅದರಿಂದ. ಹಳೆಯ ಸೀಳಿನ ಮೇಲೇ ಉಗುರು ಹಾಕಿ ಎಳೆದಳು. ಕಿವಿ ಕಚ್ಚಿದಳು, ಅವಳ ಹಲ್ಲಿನಲ್ಲಿ ರಕ್ತ ಕಂಡಿತು. ಪಿಯೋಲ್ ಎರಡೂ ಕೈಗಳನ್ನು ತೊಡೆಗಳ ಕೆಳಗೆ ಇಟ್ಟುಕೊಂಡು ಕೂತೇ ಇದ್ದ. ಬಿಡಿಸಲು ಹೋದ ನನಗೂ ಏಟು ಬಿತ್ತು. ರೋಗಿಗಳು ಗೋಡೆಗೆ ಅಂಟಿ ನಿಂತರು.

ದಣಿದು ಅವಳ ಕೈ ನಿಧಾನವಾದಾಗ ನ್ಯಾಂಕಿರ್ ಮಗನಿಗೆ ಅಂದಳು: "ಹೇಳೋ. ನೀನು ಅಲ್ಲ ಅಂತ ಹೇಳೋ."

ಪಿಯೋಲ್ ಅಮ್ಮನ ಕಡೆಯಿಂದ ಮುಖ ತಿರುಗಿಸಿದ.

"ಮತ್ಯಾರು?" ಅಚಾಯಿ ಅವನ ಕತ್ತು ಹಿಡಿದು ಅಲ್ಲಾಡಿಸಿದಳು. "ಮತ್ಯಾರು ಹೊಡೆದಿದ್ದು? ಬೊಗಳೋ!"

ಅವನು ಅವಳನ್ನು ಕನಿಕರದಿಂದ ನೋಡಿ ಕಣ್ಣು ಕೆಳಗೆ ಹಾಕಿದ. ಕಡಿದವನು ಅವನಾಗಿದ್ದರೆ ಅವಳನ್ನು ಹಾಗೆ ನೋಡುತ್ತಿರಲಿಲ್ಲ. ಅಚಾಯಿಯ ಕೈ ಅವನ ಕತ್ತಿನಿಂದ ಜಾರಿತು. ಅವಳು ನನ್ನ ಕಡೆ ತಿರುಗಿದಳು. ಆ ಹಜಾರದ ನೆಲದ ಮೇಲೆ ಕೂತುಬಿಟ್ಟಳು.

ಪೊಲೀಸರು ಆಗ ಬಂದರು. ಅಧಿಕಾರಿ ಬೂಟಿನ ತುದಿಯಿಂದ ಪಿಯೋಲ್‌ನ ಮೊಣಕಾಲು ತಟ್ಟಿ, "ಯಾರೋ ಕೈ ಕಡಿದಿದ್ದು?" ಅಂದ.

"ನಾನೇ," ಅಂದ ಪಿಯೋಲ್. "ಅವರ ಮಗ ಲುವಾಲ್‌ನ ಕೊಂದಿದ್ದೂ ನಾನೇ."

ನ್ಯಾಂಕಿರ್ ಚೀರಿದಳು. ಕೈ ಕಡಿದದ್ದು ಇವನಲ್ಲ, ಅದು ಸುಳ್ಳು ಅಂತ ಅರಬ್ಬಿಯಲ್ಲಿ, ಡಿಂಕಾದಲ್ಲಿ, ಬಾಯಿಗೆ ಬಂದದ್ದರಲ್ಲಿ ಕೂಗಿದಳು. ಅಧಿಕಾರಿ ಅಚಾಯಿಯ ಕಡೆ ತಿರುಗಿದ. "ನೀನು ಹೆಂಡ್ತಿ ತಾನೆ? ಇವನೇನಾ?"

ನ್ಯಾಂಕಿರ್ ಅವಳ ಮುಂದೆ ಮೊಣಕಾಲೂರಿ ಪಾದ ಹಿಡಿದಳು. "ಲುವಾಲ್‌ನ ಅಮ್ಮ, ನಿನ್ನ ಕಾಲಿಗೆ ಬೀಳ್ತೀನಿ. ಕೊಂದಿದ್ದಕ್ಕೆ ಹಿಡ್ಕೊಂಡು ಹೋಗ್ಲಿ. ನಾನು ಅಡ್ಡ ಬರಲ್ಲ. ಮಾಡದೇ ಇರೋದನ್ನ ಯಾಕೆ ಹೊರ್ಬೇಕು ಅವನು?"

ಅಚಾಯಿ ಗೋಡೆ ನೋಡುತ್ತಾ ಕೂತಿದ್ದಳು. ಮಾತಾಡಲಿಲ್ಲ. ಅಧಿಕಾರಿ ಅದನ್ನೇ ಉತ್ತರ ಅಂದುಕೊಂಡ. ಪಿಯೋಲ್‌ನ ಕುತ್ತಿಗೆಗೆ ಲಾಠಿ ಒತ್ತಿ, ಹಜಾರದ ಉದ್ದಕ್ಕೂ ಒದೆಯುತ್ತಾ ಕರೆದುಕೊಂಡು ಹೋದರು.

ಮಥಿಯಾಂಗ್‌ಗೆ ಎಚ್ಚರ ಬಂದಾಗ ತೋಳು ಮೊಣಕೈಗೇ ಮುಗಿದಿತ್ತು. ಮೊದಲು ಕೇಳಿದ್ದು ಪಿಯೋಲ್ ಎಲ್ಲಿ ಅಂತ. ಅಚಾಯಿ ಹೇಳಿದಳು. ಎಷ್ಟೋ ದಿನಗಳ ಮೇಲೆ ಅವಳು ಗಂಡನೊಡನೆ ಆಡಿದ ಮೊದಲ ಮಾತು ಅದು.

"ನೀನೇನಂದೆ?"

"ಏನೂ ಅನ್ಲಿಲ್ಲ."

ಅವನು ಬಾಗಿಲ ಕಡೆ ನೋಡಿದ. "ಪೊಲೀಸರು ನನ್ನ ಕೇಳಕ್ಕೆ ಬರ್ತಾರೆ," ಅಂದ.

"ಬರ್ತಾರೆ."

"ನಿಜ ಹೇಳಿದ್ರೆ ಅತೆಮ್ ಹೋಗ್ತಾನೆ."

"ಹೋಗ್ತಾನೆ," ಅಂದಳು ಅವಳು. "ಈಗ ಹೇಳು ಉಪದೇಶಿ. ಅವಳ ಮಗನ್ನ ಕ್ಷಮಿಸಿದ್ಯಲ್ಲ, ಸುಲಭವಾಗಿ. ಈಗ ಹೇಳು ನೋಡೋಣ."

ಪೊಲೀಸರು ಬಂದಾಗ ಮಥಿಯಾಂಗ್ ಕಣ್ಣು ಮುಚ್ಚಿಕೊಂಡು, "ನಾನು ನೋಡ್ಲಿಲ್ಲ," ಅಂದ. ನಾನು ಮಂಚದ ಪಕ್ಕದಲ್ಲಿದ್ದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಆ ಮಾತು ಹೇಳುವಾಗ ಅವನ ಉಳಿದ ಕೈ ಹೊದಿಕೆಯನ್ನು ಹಿಂಡುತ್ತಿತ್ತು. ಅವರು ಹೋದ ಮೇಲೆ ಮುಖ ಗೋಡೆಗೆ ತಿರುಗಿಸಿ ಅತ್ತ. ಅಚಾಯಿ ನೋಡುತ್ತಾ ನಿಂತಿದ್ದಳು. ಹತ್ತಿರ ಹೋಗಲಿಲ್ಲ, ದೂರವೂ ಹೋಗಲಿಲ್ಲ.

ಅವನು ಮನೆಗೆ ಬಂದ ವಾರದಲ್ಲೇ ಅತೆಮ್ ಬಂದ. ಅಲೆಕ್ಸಾಂಡ್ರಿಯಾದಲ್ಲಿ ಮೀನಿನ ಪೆಟ್ಟಿಗೆ ಹೊರುತ್ತಿದ್ದನಂತೆ. ಕೆನ್ನೆ ಒಳಸೇರಿತ್ತು. ಬಾಗಿಲಲ್ಲಿ ನಿಂತು ಅಪ್ಪನ ಅಂಗಿಯ ಮಡಚಿ ಪಿನ್ನು ಹಾಕಿದ ಖಾಲಿ ತೋಳನ್ನು ನೋಡಿದ. ಒಳಗೆ ಕಾಲಿಡಲು ಅವನಿಂದ ಆಗಲಿಲ್ಲ.

"ಬಾ, ಊಟ ಮಾಡು," ಅಂದ ಮಥಿಯಾಂಗ್.

ಅತೆಮ್ ಬಂದು ನೆಲದ ಮೇಲೆ ಕೂತ, ತಟ್ಟೆ ಮುಟ್ಟಲಿಲ್ಲ. "ಪಿಯೋಲ್ ಯಾಕೆ ಹಾಗಂದ?" ಅಂತ ಕೇಳಿದ.

"ನಂಗೊತ್ತಿಲ್ಲ. ಅವನನ್ನೇ ಕೇಳ್ಬೇಕು."

"ನಾನು ಹೋಗಿ ಹೇಳ್ತೀನಪ್ಪ."

ಮಥಿಯಾಂಗ್ ತನ್ನ ತಟ್ಟೆ ಪಕ್ಕಕ್ಕೆ ಸರಿಸಿದ. "ಹೋಗು ಅನ್ನೋಕೆ ನಂಗೆ ಬಾಯಿಲ್ಲ," ಅಂದ. "ನಾನೇ ಹೇಳದೆ ಬಂದವನು. ಬೇಡ ಅಂತಲೂ ಹೇಳಲ್ಲ."

ಅಚಾಯಿ ಹೋಗಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. "ಅವಳ ಮಗ ತಾನಾಗೇ ಒಪ್ಕೊಂಡಿದಾನೆ. ಕೊಂದವನು ಹೇಗೂ ಒಳಗಿರ್ತಾನೆ. ನಿಂಗ್ಯಾಕೋ? ನಿನ್ನ ಕಳಿಸಿದ್ದು ನಾನು. ಮಚ್ಚು ನಿನ್ನ ಕೈಲಿತ್ತು ಅಷ್ಟೆ, ಬೀಸಿದ್ದು ನಾನು. ನನ್ನ ಹಿಡ್ಕೊಂಡು ಹೋಗ್ಲಿ!"

"ಅವರು ನಿನ್ನ ಹಿಡಿಯಲ್ಲಮ್ಮ."

ಅವನು ಎದ್ದು ಬಂದ. ಅವಳು ಅವನ ಎದೆಗೆ ಗುದ್ದಿದಳು, ಮುಖಕ್ಕೆ ಹೊಡೆದಳು, ಅಂಗಿ ಹಿಡಿದು ಹರಿದಳು. ಅವನು ಅವಳನ್ನು ಸೊಂಟಕ್ಕೆ ಕೈಹಾಕಿ ಎತ್ತಿ ಪಕ್ಕಕ್ಕೆ ನಿಲ್ಲಿಸಿದ. ಅವಳು ಅವನ ಕಾಲು ಹಿಡಿದಳು. ಮೆಟ್ಟಿಲ ಮೇಲೆ ಅವಳನ್ನು ಎಳೆದುಕೊಂಡೇ ಅವನು ಒಂದು ಮಹಡಿ ಇಳಿದ. ನಾನು ಅವಳ ಬೆರಳುಗಳನ್ನು ಬಿಡಿಸಿದೆ. ಬಿಡಿಸಿದ್ದಕ್ಕೆ ಅವಳು ಈಗಲೂ ಒಂದೊಂದು ಸಲ ನನ್ನನ್ನು ಬೈಯುತ್ತಾಳೆ.

ಠಾಣೆಯಲ್ಲಿ ಮೊದಲು ನಕ್ಕರಂತೆ. ಒಂದು ಕೈ ಕಡಿದದ್ದಕ್ಕೆ ಇಬ್ಬರು ಒಪ್ಪಿಕೊಳ್ಳುತ್ತಾರಲ್ಲ, ನಿಮ್ಮ ಜನಕ್ಕೆ ಹುಚ್ಚೇ ಅಂತ ಕೆನ್ನೆಗೆ ಬಾರಿಸಿ ಕಳಿಸಿದರಂತೆ. ಅವನು ಹೊರಗೆ ಹೋಗಲಿಲ್ಲ. ಮತ್ತೆ ಹೇಳಿದ. ಮತ್ತೆ ಹೊಡೆದರು. ಮೂರನೆಯ ಸಲ ಬರೆದುಕೊಂಡರು. ಆಮೇಲೆ ಮಥಿಯಾಂಗ್ ಕೂಡ ಹೋಗಿ ತನ್ನ ಹೇಳಿಕೆ ತಿದ್ದಿಸಿದ. ಎಡಗೈಯ ಹೆಬ್ಬೆಟ್ಟು ಒತ್ತಿಸಿಕೊಂಡರು. ನ್ಯಾಯಾಲಯದಲ್ಲಿ ಪಿಯೋಲ್‌ಗೆ ಕೊಲೆಗೆ ದೊಡ್ಡ ಶಿಕ್ಷೆ, ಅತೆಮ್‌ಗೆ ಅದಕ್ಕಿಂತ ಕಡಿಮೆ. ತೀರ್ಪಿನ ದಿನ ಇಬ್ಬರನ್ನೂ ಆರೋಪಿಗಳ ಒಂದೇ ಕಬ್ಬಿಣದ ಪಂಜರದಲ್ಲಿ ನಿಲ್ಲಿಸಿದ್ದರು. ಅವರು ಒಬ್ಬರನ್ನೊಬ್ಬರು ನೋಡಲಿಲ್ಲ.

ಜೈಲು ಮರುಭೂಮಿಯಲ್ಲಿದೆ. ಭೇಟಿಯ ದಿನ ಮಿನಿಬಸ್ಸು ಒಂದೇ. ಅಚಾಯಿ ಮುಂದಿನ ಸೀಟು, ನ್ಯಾಂಕಿರ್ ಹಿಂದಿನ ಸೀಟು. ತಿಂಗಳುಗಟ್ಟಲೆ ಹಾಗೇ ಹೋಗಿ ಬಂದರು. ಒಂದು ಸಲ ನಾನೂ ಹೋಗಿದ್ದೆ. ಗೇಟಿನಲ್ಲಿ ತಪಾಸಣೆ ಮಾಡುವ ಹೆಂಗಸು ನ್ಯಾಂಕಿರಳ ಚೀಲದೊಳಗೆ ಕೈಹಾಕಿ, ಏನೋ ನೆಪ ತೆಗೆದು, ಡಬ್ಬಿಯನ್ನು ನೆಲಕ್ಕೆ ಎತ್ತಿಹಾಕಿದಳು. ಸಾರು ಮರಳಲ್ಲಿ ಇಂಗಿತು. ನ್ಯಾಂಕಿರ್ ಬಗ್ಗಿ ಮಾಂಸದ ತುಂಡುಗಳನ್ನು ಆರಿಸಿ ಊದುತ್ತಾ ಕೂತಳು.

ಅಚಾಯಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ತನ್ನ ಡಬ್ಬಿಯ ಮುಚ್ಚಳಕ್ಕೆ ಅರ್ಧ ಮುದ್ದೆ, ಸಾರು ಹಾಕಿ ಅವಳ ಮುಂದೆ ಹಿಡಿದಳು.

"ನಿನ್ನ ಮಗನ್ನ ನಾನು ಕ್ಷಮಿಸಿಲ್ಲ," ಅಂದಳು. "ಸಾಯೋವರೆಗೂ ಕ್ಷಮಿಸಲ್ಲ."

"ಗೊತ್ತು," ಅಂದಳು ನ್ಯಾಂಕಿರ್.

"ತಗೋ. ಬೇಗ. ಸಾಲು ಮುಂದೆ ಹೋಗ್ತಿದೆ."

ಮಥಿಯಾಂಗ್ ಈಗ ಉಪದೇಶಿಯಲ್ಲ. ಜನ ಎಷ್ಟು ಕರೆದರೂ ಮುಂದೆ ಹೋಗಿ ನಿಲ್ಲುವುದಿಲ್ಲ. ಹಿಂದಿನ ಸಾಲಿನಲ್ಲಿ ಕೂತು ಎಲ್ಲರ ಜೊತೆ ಹಾಡುತ್ತಾನೆ, ಆ ದನಿ ಮಾತ್ರ ಮುಚ್ಚಿಡಲು ಆಗುವುದಿಲ್ಲ. ಅಚಾಯಿ ಚರ್ಚಿನೊಳಗೆ ಬರುವುದಿಲ್ಲ. ಭಾನುವಾರ ಅವನ ಅಂಗಿಯ ಗುಂಡಿ ಹಾಕಿ, ಗೇಟಿನವರೆಗೆ ಬಂದು, ಹೊರಗೆ ಜಗಲಿ ಮೇಲೆ ಕೂತಿರುತ್ತಾಳೆ. ಬಿಸಿಲಿಗೆ ತಲೆ ಮೇಲೆ ಬಟ್ಟೆ ಎಳೆದುಕೊಂಡು, ಒಳಗಿನ ಹಾಡು ಮುಗಿಯುವುದನ್ನೇ ಕಾಯುತ್ತಾಳೆ. ಅವನು ಬಂದ ಮೇಲೆ ಇಬ್ಬರೂ ಮನೆಗೆ ನಡೆಯುತ್ತಾರೆ.